ಪಡಿತರ ಕಾರ್ಡುದಾರರ ಹಕ್ಕು: ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದುವವರಿಗೆ ಟಿಪ್ಪಣಿ

ರೇಷನ್ ಕಾರ್ಡ್ ಅಂದ ಕೂಡಲೇ ನಮ್ಮ ಹಾಸನದ ಕಡೆ ಎಲ್ಲರಿಗೂ ನೆನಪಾಗುವುದು ಸೊಸೈಟಿ ಮುಂದಿನ ಸಾಲು. ಆ ಸಾಲಿನಲ್ಲಿ ನಿಂತವರ ಕೈಗೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಒಂದು ಹಕ್ಕನ್ನೇ ಕೊಟ್ಟಿದೆ. ಇದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದ ಕಲಮುಗಳು ತಾವಾಗಿಯೇ ಅರ್ಥವಾಗುತ್ತವೆ.

ಈ ಕಾಯ್ದೆಯಡಿ ಬರುವ ಕಾರ್ಡಿನಲ್ಲಿ ಎರಡು ಬಗೆ. ಆದ್ಯತಾ ಕುಟುಂಬಕ್ಕೆ ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯ, ಕಡುಬಡವರದಾದ ಅಂತ್ಯೋದಯ ಕುಟುಂಬಕ್ಕೆ, ಎಷ್ಟೇ ಜನರಿರಲಿ, 35 ಕೆ.ಜಿ. ಪರೀಕ್ಷೆಯಲ್ಲಿ ಎಡವಿಸುವುದು ಇಲ್ಲೇ, ಲೆಕ್ಕ ಹಾಕಿ ನೋಡಿ. ಇಬ್ಬರೇ ಇರುವ ಮನೆಗೆ ಆದ್ಯತಾ ಕಾರ್ಡಿನಲ್ಲಿ 10 ಕೆ.ಜಿ., ಅಂತ್ಯೋದಯದಲ್ಲಿ 35. ಎಂಟು ಜನರ ಮನೆಗೆ ಆದ್ಯತಾ ಕಾರ್ಡಿನಲ್ಲೇ 40. ಒಂಟಿ ವಿಧವೆಯರಿಗೆ, ವಯಸ್ಸಾದ ದಂಪತಿಗೆ ಅಂತ್ಯೋದಯ ಕಾರ್ಡ್ ಎಷ್ಟು ದೊಡ್ಡ ಆಸರೆ ಅನ್ನುವುದು ಇದರಿಂದಲೇ ತಿಳಿಯುತ್ತದೆ. ಕಾಯ್ದೆಯಲ್ಲಿ ಅಕ್ಕಿಗೆ 3, ಗೋಧಿಗೆ 2, ರಾಗಿಯಂಥ ಧಾನ್ಯಕ್ಕೆ 1 ರೂಪಾಯಿ ದರವಿದೆ. 2023ರ ಜನವರಿಯಿಂದ ಕೇಂದ್ರದ ಪಾಲು ಪೂರ್ತಿ ಉಚಿತ. ಕರ್ನಾಟಕದ ಅನ್ನಭಾಗ್ಯ ಇದರ ಜೊತೆಗೆ ಸೇರುವ ರಾಜ್ಯದ ಯೋಜನೆ, ಎರಡನ್ನೂ ಬೆರೆಸಿ ಬರೆಯಬೇಡಿ.

ನನಗೆ ಬಹಳ ಮೆಚ್ಚುಗೆಯಾದದ್ದು 13ನೇ ಕಲಮು. ಕಾರ್ಡಿನ ಮಟ್ಟಿಗೆ ಮನೆಯ ಯಜಮಾನಿ 18 ತುಂಬಿದ ಹಿರಿಯ ಹೆಂಗಸೇ. ಅಂಥವರು ಇಲ್ಲದಿದ್ದರೆ ಹಿರಿಯ ಗಂಡಸು. ಅಂಥ ಮನೆಯಲ್ಲಿ ಚಿಕ್ಕ ಹೆಣ್ಣುಮಗಳಿದ್ದರೆ ಅವಳಿಗೆ 18 ತುಂಬಿದ ದಿನ ಆ ಸ್ಥಾನ ಅವಳದು. ಪಹಣಿಯಲ್ಲಿ ಹೆಸರೇ ಇಲ್ಲದ ಎಷ್ಟೋ ಅಮ್ಮಂದಿರ ಹೆಸರು ಮೊದಲ ಸಾಲಿನಲ್ಲಿ ಇರುವುದು ಈ ಕಾಗದದಲ್ಲಿ.

ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯನ್ನು ಸಕಲೇಶಪುರದ ಕಾಫಿ ತೋಟದಿಂದ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಹಣ್ಣು ಕೀಳಲು ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಬಂದ ಕೂಲಿಯವರು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ತಮ್ಮ ಪಾಲಿನ ಕೇಂದ್ರದ ಧಾನ್ಯ ಪಡೆಯಬಹುದು. ಊರಲ್ಲಿ ಉಳಿದವರು ಅದೇ ಕಾರ್ಡಿನಲ್ಲಿ ಮಿಕ್ಕಿದ್ದನ್ನು ಅಲ್ಲಿ ಎತ್ತಬಹುದು. ಆದರೆ ಕೂಲಿ ಮಾಡಿ ಸವೆದ ಹೆಬ್ಬೆಟ್ಟನ್ನು ಅಂಗಡಿಯ ಬೆರಳಚ್ಚು ಯಂತ್ರ ಒಂದೊಂದು ಸಲ ಗುರುತಿಸುವುದೇ ಇಲ್ಲ. ಬೆರಳು ಒರೆಸಿ, ಬೇರೆ ಬೆರಳು ಇಟ್ಟು, ಮತ್ತೆ ಒತ್ತಿ ನೋಡುತ್ತಾರೆ. ಬೆರಳಚ್ಚು ಕೂಡಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರಿಗೆ ಅಕ್ಕಿ ಇಲ್ಲ ಎನ್ನುವಂತಿಲ್ಲ.

ಸಿಗಬೇಕಾದ ಧಾನ್ಯ ಸಿಗದಿದ್ದರೆ 8ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರ ಆಹಾರ ಭದ್ರತಾ ಭತ್ಯೆ ಕೊಡಬೇಕು. ದೂರು ಕೇಳಲು 15ನೇ ಕಲಮಿನಡಿ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ, ಅವರ ಆದೇಶವೂ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ರಾಜ್ಯ ಆಹಾರ ಆಯೋಗಕ್ಕೆ.