ಮಗು ಬಂದ ಮೇಲೆ ಮನೆಗೆಲಸ ಒಬ್ಬರ ಪಾಲಾಗುವುದು ಹೇಗೆ?

ಮದುವೆಯಾದ ಹೊಸದರಲ್ಲಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಒಬ್ಬರು ಅಡುಗೆ ಮಾಡಿದರೆ ಇನ್ನೊಬ್ಬರು ಪಾತ್ರೆ ತೊಳೆಯುತ್ತಾರೆ. ಮಗು ಹುಟ್ಟಿ ವರ್ಷ ತುಂಬುವಷ್ಟರಲ್ಲಿ ಲೆಕ್ಕವೇ ಬದಲಾಗಿರುತ್ತದೆ. ರಾತ್ರಿ ಏಳುವುದು, ಲಸಿಕೆಯ ದಿನ ನೆನಪಿಡುವುದು, ಅಂಗಿ ಚಿಕ್ಕದಾಯಿತೆಂದು ಗಮನಿಸುವುದು, ಹೆಚ್ಚಿನ ಮನೆಗಳಲ್ಲಿ ಎಲ್ಲ ಅಮ್ಮನಿಗೇ. ಹೀಗೇ ಇರಲಿ ಅಂತ ಇಬ್ಬರೂ ಕೂತು ಮಾತಾಡಿರುವುದೇ ಇಲ್ಲ, ಅಲ್ವಾ?

ಇದರ ಬೇರು ಹಳೆಯದು. ಹೊಲ, ಮಗ್ಗ ಮನೆಗೆ ಅಂಟಿಕೊಂಡೇ ಇದ್ದಾಗ ದುಡಿಮೆ ಯಾವುದು, ಮನೆಗೆಲಸ ಯಾವುದು ಎಂಬ ಗೆರೆ ತೆಳುವಾಗಿತ್ತು. ಆಗ ಇಬ್ಬರಿಗೂ ಸಮಪಾಲು ಇತ್ತು ಅಂತೇನಲ್ಲ. ಆದರೆ ಕಾರ್ಖಾನೆಗಳು ಬಂದ ಮೇಲೆ ಸಂಬಳದ ಕೆಲಸ ಹೊಸಿಲು ದಾಟಿ ಹೋಯಿತು. ಒಳಗೆ ಉಳಿದದ್ದಕ್ಕೆ ಸಂಬಳವಿರಲಿಲ್ಲ. ಬರುಬರುತ್ತಾ ಅದು ಕೆಲಸವೇ ಅಲ್ಲ ಅನ್ನಿಸಿಕೊಂಡಿತು.

1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೆರಿಗೆ ರಜೆಯ ಮೊದಲ ಒಪ್ಪಂದ ಮಾಡಿತು. ಹೆರಿಗೆಗೆ ಮುಂಚೆ 6 ವಾರ, ನಂತರ 6 ವಾರ. ತುಂಬಾ ಬೇಕಾಗಿದ್ದ ರಜೆ ಅದು. ಆದರೆ ಅದರಲ್ಲಿ ಅಪ್ಪನಿಗೆ ರಜೆಯ ಮಾತೇ ಇರಲಿಲ್ಲ.

1974ರಲ್ಲಿ ಸ್ವೀಡನ್ ರಜೆಯನ್ನು ಇಬ್ಬರಿಗೂ ತೆರೆದಿಟ್ಟಿತು. ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಅಪ್ಪಂದಿರು ಹತ್ತಿರ ಸುಳಿದದ್ದೇ ಕಡಿಮೆ. ಮೊದಲ ವರ್ಷ ಅವರು ಬಳಸಿದ್ದು ಒಟ್ಟು ದಿನಗಳಲ್ಲಿ ಶೇ. 1ಕ್ಕಿಂತ ಕಡಿಮೆ. ಸಂಬಳ ಜಾಸ್ತಿ ಇದ್ದವರು ರಜೆ ಹಾಕಿದರೆ ಮನೆಗೆ ನಷ್ಟ ಹೆಚ್ಚು. ಅನೇಕ ಕಡೆ ಆ ಸಂಬಳ ಗಂಡನದು. ಅಲ್ಲಿಗೆ ಮಾತು ಮುಗಿಯಿತು.

1993ರಲ್ಲಿ ನಾರ್ವೆ ಬೇರೆ ದಾರಿ ಹಿಡಿಯಿತು. 4 ವಾರ ಅಪ್ಪನದೇ, ಅವನು ತೆಗೆದುಕೊಳ್ಳದಿದ್ದರೆ ಸಾಮಾನ್ಯವಾಗಿ ಅಷ್ಟೂ ಹೋಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಹೆಚ್ಚಿನ ಅಪ್ಪಂದಿರು ಆ ರಜೆ ಹಾಕತೊಡಗಿದರು. 1995ರಲ್ಲಿ ಸ್ವೀಡನ್ ಕೂಡ ಒಂದು ತಿಂಗಳನ್ನು ಹೀಗೇ ಕಟ್ಟಿಟ್ಟಿತು.

ನನಗೆ ಈ ವಾರಗಳು ಬಹಳ ಮುಖ್ಯ ಅನ್ನಿಸುತ್ತವೆ. ಎದೆಹಾಲು ಕುಡಿಸುವುದೊಂದು ಬಿಟ್ಟರೆ ಮಗು ಸಾಕುವುದು ಹುಟ್ಟಿನಿಂದ ಬಂದ ವಿದ್ಯೆಯಲ್ಲ, ಮಾಡಿ ಮಾಡಿ ಕಲಿಯುವ ಕೆಲಸ. ಮೊದಲ ತಿಂಗಳುಗಳಲ್ಲಿ ಮಗುವಿನ ಜೊತೆ ಒಬ್ಬರೇ ಇದ್ದವರು ಕಲಿತುಬಿಡುತ್ತಾರೆ. ಇನ್ನೊಬ್ಬರು “ಏನು ಮಾಡಲಿ ಹೇಳು” ಅನ್ನುತ್ತಾರೆ. ಕೇಳುವುದರಲ್ಲಿ ಪ್ರೀತಿಯೇ ಇರುತ್ತದೆ. ಆದರೆ ಹೇಳುವುದೂ ಒಂದು ಕೆಲಸ. ಸಮಾಜಶಾಸ್ತ್ರಜ್ಞೆ ಆಲಿಸನ್ ಡಾಮಿಂಜರ್ 2019ರಲ್ಲಿ ಇದನ್ನೇ ಬಿಡಿಸಿ ತೋರಿಸಿದರು. ಮುಂದೆ ಏನು ಬೇಕಾದೀತೆಂದು ಯೋಚಿಸುವುದು, ಆಯಿತೋ ಇಲ್ಲವೋ ಎಂದು ನೋಡಿಕೊಳ್ಳುವುದು ಹೆಚ್ಚಾಗಿ ಹೆಂಡತಿಯ ತಲೆಗೇ ಬೀಳುತ್ತದೆ. ತೀರ್ಮಾನ ಮಾತ್ರ ಇಬ್ಬರೂ ಸೇರಿ ಮಾಡುತ್ತಾರೆ.

ಇದರ ಬೆಲೆ ಸಂಬಳದ ಚೀಟಿಯಲ್ಲೂ ಕಾಣುತ್ತದೆ. ಸಮಾನತೆಗೆ ಹೆಸರಾದ ಡೆನ್ಮಾರ್ಕ್‌ನಲ್ಲೇ, ಮೊದಲ ಮಗುವಾದ ಮೇಲೆ ಅಮ್ಮಂದಿರ ಗಳಿಕೆ ಅಪ್ಪಂದಿರಿಗಿಂತ ಸುಮಾರು ಶೇ. 20ರಷ್ಟು ಹಿಂದೆ ಬಿದ್ದು, ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಅಪ್ಪಂದಿರ ಗಳಿಕೆಗೆ ಏನೂ ಆಗುವುದಿಲ್ಲ.

ಐಸ್‌ಲ್ಯಾಂಡ್‌ನ ಹೆಂಗಸರು 1975ರ ಅಕ್ಟೋಬರ್ 24ರಂದು ಮನೆಗೆಲಸ, ಸಂಬಳದ ಕೆಲಸ ಎರಡನ್ನೂ ಬಿಟ್ಟು ಬೀದಿಗಿಳಿದಿದ್ದರು. 2000ದಲ್ಲಿ ಅಲ್ಲಿನ ಕಾನೂನು ಅಮ್ಮನಿಗೆ 3 ತಿಂಗಳು, ಅಪ್ಪನಿಗೆ 3, ಹಂಚಿಕೊಳ್ಳಲು 3 ಎಂದು ಬರೆಯಿತು. ಅನೇಕ ದೇಶಗಳಲ್ಲಿ ಅಪ್ಪನಿಗೆ ಇವತ್ತಿಗೂ ಸಿಗುವುದು ಕೆಲವೇ ದಿನ. ಅಷ್ಟರಲ್ಲಿ ಮಗುವಿನ ಅಳು ಹಸಿವಿಗೋ ನಿದ್ದೆಗೋ ಅಂತ ಗುರುತಿಸುವಷ್ಟು ಪರಿಚಯವೂ ಆಗಿರುವುದಿಲ್ಲ.