ಕಾಡುಗೋಡಿಯ ನೆಲದಲ್ಲಿ ವೈಟ್‌ಫೀಲ್ಡ್ ರೈಲು ನಿಲ್ದಾಣ

ಕೆಎಸ್‌ಆರ್ ಬೆಂಗಳೂರು ನಿಲ್ದಾಣದಿಂದ ಪೂರ್ವಕ್ಕೆ ಸುಮಾರು 24 ಕಿ.ಮೀ. ದೂರದಲ್ಲಿರುವ ವೈಟ್‌ಫೀಲ್ಡ್ ರೈಲು ನಿಲ್ದಾಣವು ನಿಂತಿರುವುದು ಕಾಡುಗೋಡಿಯ ನೆಲದಲ್ಲಿ. ಅದಕ್ಕೆ ಹೆಸರು ಕೊಟ್ಟ ಹಳೆಯ ವಸಾಹತು ಅಲ್ಲಿಂದ ದಕ್ಷಿಣಕ್ಕೆ ಕೆಲವು ಕಿ.ಮೀ. ಆಚೆಗಿದೆ. ಆ ವಸಾಹತಿಗಿಂತ ಹಳಿಯೇ ಹಳೆಯದು. ಮದ್ರಾಸ್ ರೈಲ್ವೆಯ ಜೋಲಾರ್‌ಪೇಟೆ–ಬೆಂಗಳೂರು ಕಂಟೋನ್ಮೆಂಟ್ ಮಾರ್ಗ ಸಂಚಾರಕ್ಕೆ ತೆರೆದದ್ದು 1864ರ ಆಗಸ್ಟ್ 1ರಂದು. ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ನೀಡಿದ್ದು 1882ರಲ್ಲಿ. ಸಂಘದ ಮುಂದಾಳು ವೈಟ್ ಅವರ ಹೆಸರು ಊರಿಗೂ ನಿಲ್ದಾಣಕ್ಕೂ ಉಳಿಯಿತು.

ಈ ನಿಲ್ದಾಣದ ಇಂದಿನ ಮಹತ್ವವನ್ನು ಅರಿಯಬೇಕಾದರೆ ಕೋಲಾರ ಜಿಲ್ಲೆಯ ಕಡೆಗೆ ನೋಡಬೇಕು. ಆಗ ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಕವಲು ಮಾರ್ಗವು ಚಿನ್ನದ ಗಣಿಗಳಿಗಾಗಿ 1894ರಲ್ಲಿ ಸಿದ್ಧವಾಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ, ಒಂದು ಕಾಲಕ್ಕೆ ಹೊರಗಿನವರಿಗೆ ಕೆಲಸ ಕೊಡುತ್ತಿದ್ದ ಕೆಜಿಎಫ್‌ನ ಜನರೇ ಕೆಲಸ ಹುಡುಕಿಕೊಂಡು ಅದೇ ಹಳಿಯ ಮೇಲೆ ಬೆಂಗಳೂರಿಗೆ ಬರತೊಡಗಿದರು. ಅಷ್ಟರಲ್ಲಿ ವೈಟ್‌ಫೀಲ್ಡ್ ಸುತ್ತಲಿನ ಹೊಲತೋಟಗಳ ಜಾಗದಲ್ಲಿ ಟೆಕ್ ಪಾರ್ಕ್ ಎದ್ದಿತ್ತು. ಕಚೇರಿಗಳಿಗೆ ಕಾವಲುಗಾರರು, ಚಾಲಕರು, ಶುಚಿತ್ವದ ಕೆಲಸಗಾರರು, ಎಂಜಿನಿಯರರು ಎಲ್ಲರೂ ಬೇಕಿತ್ತು. ಕೆಜಿಎಫ್, ಬಂಗಾರಪೇಟೆ, ಟೇಕಲ್, ಮಾಲೂರುಗಳಿಂದ ತಿಂಗಳ ಪಾಸು ಹಿಡಿದು ನಸುಕಿಗೇ ರೈಲು ಹತ್ತುವವರಿಗೆ ಈ ನಿಲ್ದಾಣ ದುಡಿಮೆಯ ಬಾಗಿಲಾಯಿತು.

ಆದರೆ ಹಳಿಯ ಮೇಲಿನ ಒತ್ತಡ ಇವರೊಬ್ಬರದೇ ಅಲ್ಲ. ಚೆನ್ನೈ ಕಡೆಯ ಎಕ್ಸ್‌ಪ್ರೆಸ್ ರೈಲುಗಳು, ವೈಟ್‌ಫೀಲ್ಡ್‌ನಲ್ಲೇ ಇರುವ ಕಂಟೇನರ್ ಡಿಪೊ ಹಾಗೂ ಸರಕು ಟರ್ಮಿನಲ್‌ಗೆ ಬಂದು ಹೋಗುವ ಗೂಡ್ಸ್ ಗಾಡಿಗಳು ಇದೇ ಜೋಡಿ ಮಾರ್ಗವನ್ನು ನಂಬಿವೆ. ದೂರದ ರೈಲಿಗೆ ದಾರಿ ಬಿಡಲು, ಹತ್ತಿರದ ಊರುಗಳ ನಡುವೆ ಓಡುವ ಮೆಮು ರೈಲು ಕಾಯುತ್ತ ನಿಂತರೆ, ಒಳಗಿರುವವರ ಆ ದಿನದ ಹಾಜರಿ ತಪ್ಪಬಹುದು. ಕಂಟೋನ್ಮೆಂಟ್–ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಬೇಕೆಂಬ ಒತ್ತಾಯದ ಮೂಲ ಇಲ್ಲಿದೆ, ಮತ್ತು ಅದು ನ್ಯಾಯವಾದ ಒತ್ತಾಯ.

ನಿಲ್ದಾಣದಲ್ಲಿ ಇಳಿದ ಮೇಲಿನ ದಾರಿಯಾದರೂ ಈಗ ಸುಗಮವಾಗಿದೆ. 2023ರ ಮಾರ್ಚ್ 25ರಂದು ಕೆ.ಆರ್. ಪುರದವರೆಗೆ ಮೆಟ್ರೊ ಆರಂಭವಾಗಿ, ಬೈಯಪ್ಪನಹಳ್ಳಿಯೊಂದಿಗಿನ ಕೊಂಡಿ ಅದೇ ವರ್ಷದ ಅಕ್ಟೋಬರ್ 9ರಂದು ಕೂಡಿಕೊಂಡಿತು. ಮೆಟ್ರೊ ನಿಲ್ದಾಣದ ಹೆಸರಿನಲ್ಲಿ ವೈಟ್‌ಫೀಲ್ಡ್ ಜೊತೆಗೆ, ಆವರಣ ಚಿಹ್ನೆಯೊಳಗಾದರೂ, ಕಾಡುಗೋಡಿಯೂ ಸೇರಿದೆ.

2022ರ ಜೂನ್ 20ರಂದು ಶಂಕುಸ್ಥಾಪನೆಯಾದ ಸುಮಾರು 148 ಕಿ.ಮೀ. ಉದ್ದದ ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳಲ್ಲಿ ‘ಪಾರಿಜಾತ’ವು ಕೆಂಗೇರಿಯಿಂದ ಹೊರಟು ಕಂಟೋನ್ಮೆಂಟ್ ಮೂಲಕ ವೈಟ್‌ಫೀಲ್ಡ್ ತಲುಪಬೇಕಾದದ್ದು. ನಗರದೊಳಗಿನವರಿಗೆ ಇದು ದೊಡ್ಡ ಅನುಕೂಲ. ಆದರೆ ಯೋಜನೆಯಂತೆ ಈ ಮಾರ್ಗ ವೈಟ್‌ಫೀಲ್ಡ್‌ಗೇ ಮುಗಿಯುತ್ತದೆ. ಮಾಲೂರು, ಬಂಗಾರಪೇಟೆಗಳ ನಿತ್ಯ ಪ್ರಯಾಣಿಕರು ಅಲ್ಲಿಂದಾಚೆಗೆ ಹಳೆಯ ಎರಡು ಹಳಿಗಳನ್ನೇ ಎಕ್ಸ್‌ಪ್ರೆಸ್, ಗೂಡ್ಸ್‌ಗಳೊಂದಿಗೆ ಹಂಚಿಕೊಳ್ಳಬೇಕಾಗುತ್ತದೆ.