ಅಲಸಂಡೆ ಹೂವಿಗೆ ಜೇನು ಬರುವಷ್ಟರಲ್ಲಿ

ಉಡುಪಿಯ ನಮ್ಮ ಹಿತ್ತಿಲಲ್ಲಿ ಒಂದೇ ಚಪ್ಪರಕ್ಕೆ ಎರಡು ಬಗೆಯ ಅಲಸಂಡೆ ಹಬ್ಬಿಸುತ್ತೇವೆ, ಒಂದು ಹಸಿರು, ಇನ್ನೊಂದು ಕೆಂಪು. ಬಳ್ಳಿಗಳು ಹೆಣೆದುಕೊಂಡು ಯಾವುದು ಯಾವುದೆಂದೇ ತಿಳಿಯುವುದಿಲ್ಲ. ಆದರೂ ಅಮ್ಮ ಬೀಜಕ್ಕೆ ಬಿಟ್ಟ ಕೆಂಪು ಕೋಡಿನಿಂದ ಮರುವರ್ಷ ಕೆಂಪೇ ಬರುತ್ತದೆ. ಹೂವಿಗೆ ಜೇನು ಬರುವುದನ್ನು ನಾನೇ ನೋಡಿದ್ದೇನೆ. ಮತ್ತೆ ಬೆರಕೆ ಯಾಕಾಗುವುದಿಲ್ಲ?

ಜೇನು ಬರುವಾಗ ತಡವಾಗಿರುತ್ತದೆ, ಅಷ್ಟೇ. ಅಲಸಂಡೆ ಹೂ ಬೆಳಿಗ್ಗೆ ಬೇಗ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಅರಳುವುದಕ್ಕೆ ಕೆಲವು ಗಂಟೆ ಮೊದಲೇ, ಮೊಗ್ಗಿನೊಳಗೇ, ಪರಾಗದ ಚೀಲಗಳು ಒಡೆದು ಪುಡಿಯೆಲ್ಲ ಶಲಾಕಾಗ್ರಕ್ಕೆ, ಅಂದರೆ ಹೂವಿನ ಹೆಣ್ಣು ಭಾಗದ ಅಂಟಂಟು ತುದಿಗೆ, ಮೆತ್ತಿಕೊಂಡಿರುತ್ತದೆ. ಅಲ್ಲಿ ಪರಾಗದ ಕಣ ಸಣ್ಣ ನಳಿಕೆ ಬೆಳೆಸಿ ಕೆಳಗಿನ ಅಂಡಾಶಯಕ್ಕೆ ಇಳಿಯುತ್ತದೆ. ಇದೇ ಸ್ವಕೀಯ ಪರಾಗಸ್ಪರ್ಶ. ಅಪರೂಪಕ್ಕೆ ಬೆರಕೆ ಆಗುವುದೂ ಉಂಟು.

ಏಣೆಲು ಗದ್ದೆಯಲ್ಲಿ, ಅಂದರೆ ಮಳೆಗಾಲದ ಭತ್ತದ ಬೆಳೆಯಲ್ಲಿ, ತೆನೆ ಹೊರಬಂದಾಗ ಬೆಳಿಗ್ಗೆ ಹತ್ತರ ಹೊತ್ತಿಗೆ ಹೋಗಿ ನೋಡಿ. ಭತ್ತದ ಹೂ ಒಂದೆರಡು ಗಂಟೆ ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಹೊರಗೆ ನೇತಾಡುವ ಬಿಳಿಚು ಎಳೆಗಳು ಹೆಚ್ಚಿನಂಶ ಖಾಲಿ ಚೀಲಗಳು. ಒಂದು ಹೂವಿನಲ್ಲಿ ಆರು ಇರುತ್ತವೆ. ತೆರೆಯುವ ಹೊತ್ತಿಗೇ ಅವು ಒಡೆದು ತನ್ನ ಹೂವಿಗೇ ಪರಾಗ ಉದುರಿಸಿರುತ್ತವೆ. ಪಕ್ಕದ ಗದ್ದೆಯ ಪರಾಗ ಗಾಳಿಯಲ್ಲಿ ಬಂದರೂ ಅದರ ಜೀವ ಕೆಲವೇ ನಿಮಿಷ. ಅದಕ್ಕೇ ನಮ್ಮ ಹಿರಿಯರು ಮನೆಯ ಬೀಜದ ಭತ್ತವನ್ನೇ ವರ್ಷ ವರ್ಷ ಬಿತ್ತಿದರೂ ತಳಿ ಕೆಡಲಿಲ್ಲ.

ಸೌತೆಯ ಕತೆಯೇ ಬೇರೆ. ಅಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಒಂದೇ ಬಳ್ಳಿಯ ಗಂಡು ಹೂವಿನಿಂದ ಜೇನು ಪರಾಗ ತಂದರೆ ಅದೂ ಸ್ವಕೀಯವೇ, ವಂಶವಾಹಿ ಅದೇ ಬಳ್ಳಿಯದಲ್ವಾ. ಆದರೆ ಜೇನಿಗೆ ಬೇಲಿಯ ಲೆಕ್ಕ ಎಲ್ಲಿದೆ? ಪಕ್ಕದ ಮನೆಯ ಸೌತೆಯಿಂದಲೂ ಬರುತ್ತದೆ.

ತನ್ನದೇ ಪರಾಗ ಸಾಕೆಂದರೆ ಜೇನಿಗೆ ಕಾಯುವ ಕಷ್ಟವಿಲ್ಲ, ಆದರೆ ಹೊಸ ಗುಣ ಬೆರೆಯುವುದಿಲ್ಲ. ಡಾರ್ವಿನ್ ವರ್ಷಗಟ್ಟಲೆ ಗಿಡ ಬೆಳೆಸಿ ನೋಡಿ 1876ರಲ್ಲಿ ಬರೆದದ್ದೂ ಇದನ್ನೇ, ಬೆರಕೆ ಗಿಡಗಳೇ ಜಾಸ್ತಿ ಎತ್ತರ, ಜಾಸ್ತಿ ಬೀಜ. ಒಂದು ಸ್ವಕೀಯ ಬಳ್ಳಿ ಮಾತ್ರ ಬೆರಕೆಯನ್ನೂ ಮೀರಿಸಿತು. ಅದಕ್ಕೆ ಅವರು ‘ಹೀರೋ’ ಎಂದೇ ಹೆಸರಿಟ್ಟರು!

ಇನ್ನೂ ಹಠದ ಗಿಡವೊಂದು ಮಳೆಗಾಲದಲ್ಲಿ ನಮ್ಮ ತೋಟದ ತುಂಬ ಇರುತ್ತದೆ, ದಂಟಿನಲ್ಲಿ ನೀರಿರುವ, ಪುಟ್ಟ ನೀಲಿ ಹೂವಿನ ಕಳೆ. ಮೇಲೆ ನೀಲಿ ಹೂ ಬಿಡುವುದಲ್ಲದೆ ಮಣ್ಣಿನೊಳಗೂ ಹೂ ಬಿಡುತ್ತದೆ, ಅರಳದ ಹೂ. ಅದರೊಳಗೇ ಪರಾಗಸ್ಪರ್ಶ, ಅಲ್ಲೇ ಬೀಜ. ಮೇಲಿನದನ್ನು ಎಷ್ಟು ಕಿತ್ತರೂ ಅದು ಮತ್ತೆ ಬರುವುದು ಸುಮ್ನೆ ಅಲ್ಲ.